ತಿಳಿ ಬಸಿಯಲು ಬಲ್ಲವರಿಗೆ ಹಳೆಯ ವೈನ್ ಕಷ್ಟವಲ್ಲ

ನಮ್ಮೂರ ಪಾರ್ಟಿಗಳಲ್ಲಿ ರೆಡ್ ವೈನ್ ಬಂತೆಂದರೆ ಎರಡು ಗಂಟೆ ಮೊದಲೇ ತೆರೆದು ಗಾಳಿಗೆ ಬಿಡುವ ರೂಢಿ. ನಂದಿ ಬೆಟ್ಟದ ಕಡೆಯ ಎಳೆಯ ಶಿರಾಜ್‌ಗೆ ಅದು ಸರಿ, ಒಗರು ತಗ್ಗುತ್ತದೆ. ಮೂವತ್ತು ವರ್ಷ ದಾಟಿದ ಫ್ರಾನ್ಸಿನ ಬೋರ್ಡೋ ಬಾಟಲಿಗೂ ಅದೇ ಉಪಚಾರ ಮಾಡಿದರೆ, ಊಟಕ್ಕೆ ಕೂರುವಷ್ಟರಲ್ಲಿ ಪರಿಮಳ ಹಾರಿಹೋಗಿ ಹುಳಿ ಉಳಿದಿರುತ್ತದೆ.

ಅದಕ್ಕೆ ಬೇಕಿರುವುದು ತಿಳಿ. ವರ್ಷಗಟ್ಟಲೆ ಮಲಗಿದ ಬಾಟಲಿಯಲ್ಲಿ ಬಣ್ಣವೂ ಒಗರು ಕೊಡುವ ಟ್ಯಾನಿನ್ನೂ ಒಂದಕ್ಕೊಂದು ಅಂಟಿಕೊಂಡು ಗಸಿಯಾಗಿ ಇಳಿಯುತ್ತವೆ. ಕುಡಿದರೆ ಅಪಾಯವಿಲ್ಲ, ಆದರೆ ಬಾಯೆಲ್ಲ ಕಹಿ. ಎರಡು ದಿನ ಮೊದಲೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ವಿಮಾನದಲ್ಲಿ ಕುಲುಕಿಕೊಂಡು ಬಂದಿದ್ದರೆ ಒಂದೆರಡು ವಾರ ಬಿಡಿ. ತಂದ ರಾತ್ರಿಯೇ ತೆರೆಯುವುದು ನಾವು ಹೊರನಾಡಿನವರು ಊರಿಗೆ ಬಂದಾಗ ಮಾಡುವ ಮಾಮೂಲಿ ತಪ್ಪು.

ಹಳೆಯ ಬಿರಡೆ ಮೆತ್ತಗಾಗಿರುತ್ತದೆ. ತಿರುಪು ಹಾಕಿದರೆ ನಡುವೆ ಪುಡಿಯಾಗುತ್ತದೆ. 'ಆ-ಸೋ' ಎಂಬ, ಎರಡು ತೆಳು ಅಲಗುಗಳ ಬಿರಡೆ ಕೀಳುವ ಸಾಧನವನ್ನು ಬಿರಡೆಯ ಇಕ್ಕೆಲಕ್ಕೆ ಅಲುಗಿಸುತ್ತ ಇಳಿಸಿ, ತಿರುಗಿಸುತ್ತ ಎತ್ತಬೇಕು. ಸಡಿಲ ಬಿರಡೆಯಾದರೆ ಒತ್ತಬೇಡಿ, ಒಳಗೇ ಬೀಳುತ್ತದೆ.

ಬಾಟಲಿಯ ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಹಚ್ಚಿಟ್ಟು, ಗಾಜಿನ ಹೂಜಿಗೆ ಒಂದೇ ಧಾರೆಯಲ್ಲಿ ಬಸಿಯಿರಿ. (ಮೇಣದ ಬತ್ತಿ ನೋಡಲು ಚೆಂದ, ಅಷ್ಟೇ.) ನಡುವೆ ನಿಲ್ಲಿಸಿದರೆ ವೈನ್ ಹಿಂದಕ್ಕೆ ಹೊಯ್ದಾಡಿ ಗಸಿ ಏಳುತ್ತದೆ. ಕಪ್ಪು ಎಳೆ ಕತ್ತಿಗೆ ಬಂದ ಕ್ಷಣ ನಿಲ್ಲಿಸಿ. ತಳದಲ್ಲಿ 40–50 ಮಿ.ಲೀ. ಹೋದರೆ ಹೋಗಲಿ. ಬೇಳೆಕಟ್ಟಿನ ತಿಳಿ ಬಸಿದು ಸಾರು ಮಾಡುವ ಕೈಗೆ ಇದನ್ನು ಹೇಳಿಕೊಡಬೇಕಿಲ್ಲ.

ಫ್ರಾನ್ಸಿನಲ್ಲೂ ಇದಕ್ಕೆ ಒಂದೇ ಪದ್ಧತಿಯಿಲ್ಲ. ಬೋರ್ಡೋದವರು ಬಸಿಯುತ್ತಾರೆ, ಅವರ ಬಾಟಲಿಯ ಎತ್ತರದ ಹೆಗಲು ಗಸಿಯನ್ನು ತಡೆಯುತ್ತದೆ. ಬರ್ಗಂಡಿಯ ಬಾಟಲಿಗೆ ಇಳಿಜಾರು ಹೆಗಲು, ವೈನೂ ನಾಜೂಕು. ಅಲ್ಲಿ ಬಹುತೇಕರು ನೇರ ಗ್ಲಾಸಿಗೇ ಸುರಿಯುತ್ತಾರೆ. ನನ್ನ ಮತ ಬೋರ್ಡೋದವರ ಕಡೆ, ಒಂದು ಷರತ್ತಿನ ಮೇಲೆ: ಬಸಿಯುವುದು ಬಡಿಸುವ ಹೊತ್ತಿಗೇ ಆಗಬೇಕು. ತೆರೆದಾಗ ಮುಗ್ಗಲು ವಾಸನೆ ಬಂದರೆ ಹತ್ತು ನಿಮಿಷ ಕಾಯಿರಿ, ಹೋಗಬಹುದು. ಒದ್ದೆ ರಟ್ಟಿನ ವಾಸನೆಯಾದರೆ ಬಿರಡೆಯದೇ ದೋಷ, ಕಾದರೂ ಹೋಗದು.

'ರೂಮ್ ಟೆಂಪರೇಚರ್' ಎಂಬ ಮಾತು ಯುರೋಪಿನ ತಣ್ಣನೆಯ ಮನೆಗಳದ್ದು, 16–18 ಡಿಗ್ರಿ. ಬೆಂಗಳೂರಿನ 28 ಡಿಗ್ರಿಯಲ್ಲಿ ಮದ್ಯಸಾರವೇ ಮೂಗಿಗೆ ಹೊಡೆಯುತ್ತದೆ. ನಿಲ್ಲಿಸಿದ ಬಾಟಲಿಯನ್ನು ಅಲುಗಿಸದೆ ಫ್ರಿಜ್ಜಿನಲ್ಲಿ ಸುಮಾರು ಒಂದು ಗಂಟೆ ಇಡಿ.

ಜೊತೆಗೆ ಪಂದಿ ಕರಿ ಬೇಡ. ಕಾಚಂಪುಳಿಯ ಹುಳಿ, ಕಾಳುಮೆಣಸಿನ ಖಾರದ ಮುಂದೆ ಹಳೆಯ ವೈನ್ ನೀರಾಗುತ್ತದೆ. ಉಪ್ಪು ಸವರಿ ಸುಟ್ಟ ಕುರಿಮಾಂಸವೋ ಬೆಣ್ಣೆಯಲ್ಲಿ ಹುರಿದ ಅಣಬೆಯೋ ಸಾಕು. ಪಂದಿ ಕರಿಗೆ ಆ ಎಳೆಯ ಶಿರಾಜೇ ವಾಸಿ.