ಮಂಗಳೂರಲ್ಲಿ ಬೆವರು ಕಿತ್ತರೆ ನಮ್ಮ ಹೂಮಳೆಗೆ ಒಳ್ಳೆಯದು

ಬೇಸಿಗೆ ಹೊಸ್ತಿಲಲ್ಲಿ ಹವಾಮಾನ ಇಲಾಖೆಯ ಮುನ್ನೋಟ ಬಂದ ಕೂಡಲೇ ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು: "ಈ ಸಲ ಬಿಸಿಲು ಜಾಸ್ತಿಯಂತೆ, ಹೂಮಳೆ ಕೈಕೊಡುತ್ತಂತೆ." ಕಾಫಿ ಮೊಗ್ಗನ್ನು ಅರಳಿಸುವ ಬೇಸಿಗೆ ಮಳೆಯೇ ಹೂಮಳೆ. ಮುನ್ನೋಟದ ನಕ್ಷೆ ಹಾಗೆ ಹೇಳಿರುವುದೇ ಇಲ್ಲ. ವಾಡಿಕೆಗಿಂತ ಹೆಚ್ಚು, ವಾಡಿಕೆಯಷ್ಟು, ವಾಡಿಕೆಗಿಂತ ಕಡಿಮೆ ಎಂದು ಮೂರು ಭಾಗ ಮಾಡಿ, ಯಾವುದರ ಸಾಧ್ಯತೆ ಎಷ್ಟು ಅಂತ ಬಣ್ಣ ಬಳಿದಿರುತ್ತಾರೆ. ಏನೂ ತಿಳಿಯದೆ ಕಣ್ಣುಮುಚ್ಚಿ ಹೇಳಿದರೂ ಒಂದೊಂದಕ್ಕೆ ಶೇ 33 ಬರುತ್ತದೆ. ಶೇ 45 ಅಂದರೆ ತಕ್ಕಡಿ ಸ್ವಲ್ಪ ವಾಲಿದೆ ಅಂತ ಅರ್ಥ, ಅಷ್ಟೇ. ಅದೂ ಇಡೀ ಮೂರು ತಿಂಗಳ ಲೆಕ್ಕ. ನಮಗೆ ಬೇಕಿರುವುದು ಒಂದೇ ಒಂದು ಸಂಜೆಯ ಮಳೆ.

ಇನ್ನೊಂದು ತೊಡಕಿದೆ. ಇಲಾಖೆಯ ವಿಂಗಡಣೆಯಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ದಕ್ಷಿಣ ಒಳನಾಡಿಗೆ ಸೇರಿವೆ. ಕೋಲಾರವೂ ಅದರಲ್ಲೇ, ಆಗುಂಬೆಯೂ ಅದರಲ್ಲೇ! ಅರಸೀಕೆರೆ, ಕಡೂರಿನವರು ಆ ಸಾಲು ಓದಿ ಏನಾದರೂ ತೀರ್ಮಾನಕ್ಕೆ ಬರಬಹುದು. ಘಟ್ಟದ ಅಂಚಿನ ತೋಟದವರು ಬೇಸಿಗೆಯಲ್ಲಿ ಕರಾವಳಿಯ ಸಾಲನ್ನೇ ಮೊದಲು ಓದಬೇಕು ಅನ್ನುವುದು ನನ್ನ ವಾದ.

ಯಾಕೆಂದರೆ ನಮ್ಮ ಬೇಸಿಗೆ ಮಳೆಯ ನೀರು ಬಹುಪಾಲು ಅರಬ್ಬಿ ಸಮುದ್ರದ್ದು. ಮಧ್ಯಾಹ್ನದ ಕಡಲಗಾಳಿ ಶಿರಾಡಿ, ಚಾರ್ಮಾಡಿ, ಬಿಸಿಲೆ ಕಡೆಯಿಂದ ಹತ್ತಿ ಬರುತ್ತದೆ. ಮೂಡಣದಿಂದ ಒಣಗಾಳಿ ಎದುರಾಗುತ್ತದೆ. ಎರಡೂ ಢಿಕ್ಕಿ ಹೊಡೆದ ಕಡೆ ಗಾಳಿಗೆ ಮೇಲೇಳದೆ ಬೇರೆ ದಾರಿಯಿಲ್ಲ, ಅಲ್ಲೇ ಗುಡುಗು. ವಿದರ್ಭ, ಮರಾಠವಾಡ ಕಡೆಯಿಂದ ಕರ್ನಾಟಕದ ಒಳನಾಡಿನ ಮೇಲೆ "ದ್ರೋಣಿ" (ಕಡಿಮೆ ಒತ್ತಡದ ಉದ್ದನೆಯ ಪಟ್ಟಿ) ಹಾದುಹೋಗಿದೆ ಅಂತ ಇಲಾಖೆ ಬರೆದ ದಿನಗಳಲ್ಲಿ ಈ ಢಿಕ್ಕಿ ಜೋರು.

ಹಾಗಾಗಿ ನೋಡಬೇಕಾದ ಅಂಕಿ ಉಷ್ಣಾಂಶಕ್ಕಿಂತ ಹೆಚ್ಚಾಗಿ ಇಬ್ಬನಿ ಬಿಂದು, ಅಂದರೆ ಗಾಳಿ ಎಷ್ಟು ತಣ್ಣಗಾದರೆ ಅದರ ತೇವ ಹನಿಗಟ್ಟುತ್ತದೋ ಆ ಉಷ್ಣಾಂಶ. ಬಜ್ಪೆ ವಿಮಾನ ನಿಲ್ದಾಣದ ಹವಾಮಾನ ವರದಿ ಯಾರಿಗೆ ಬೇಕಾದರೂ ಸಿಗುತ್ತದೆ. ಅದರಲ್ಲಿ 33/25 ಅಂತ ಇದ್ದರೆ ಉಷ್ಣಾಂಶ 33, ಇಬ್ಬನಿ ಬಿಂದು 25. ಅಂತರ 8. ಒಂದೊಂದು ಡಿಗ್ರಿಗೆ 125 ಮೀಟರ್ ಹಿಡಿದರೆ ಮೋಡದ ತಳ ಸುಮಾರು 1,000 ಮೀಟರ್ ಮೇಲೆ. ಬಜ್ಪೆ ಇರುವುದೇ ನೂರು ಮೀಟರ್ ಎತ್ತರದಲ್ಲಿ, ಅದನ್ನೂ ಸೇರಿಸಿಕೊಳ್ಳಿ. ಹೆಚ್ಚುಕಮ್ಮಿ ನಮ್ಮ ಘಟ್ಟದ ನೆತ್ತಿಯ ಎತ್ತರಕ್ಕೇ ಮೋಡ ಕಟ್ಟುತ್ತದೆ ಅಂತಾಯಿತು. ಅದೇ 33/20 ಇದ್ದರೆ ತಳ 1,700 ಮೀಟರ್ ದಾಟುತ್ತದೆ. ಗಾಳಿ ಗುಡ್ಡ ಹತ್ತಿದರೂ ಮೋಡವಾಗದೆ ಒಣಗಿಹೋಗುತ್ತದೆ.

ತಮಾಷೆ ಏನೆಂದರೆ, ಕರಾವಳಿಗೆ ಬಿಸಿಗಾಳಿ ಎಚ್ಚರಿಕೆ ಕೊಡುವ ದಿನಗಳು ನಮಗೆ ಕೆಟ್ಟವು. ಅಲ್ಲಿ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಏರಿದರೆ ಬಿಸಿಗಾಳಿ ಅನ್ನುತ್ತಾರೆ (ಬಯಲಿಗೆ ಈ ಮಿತಿ 40, ಗುಡ್ಡಗಾಡಿಗೆ 30). ಫೆಬ್ರುವರಿ, ಮಾರ್ಚ್‌ನಲ್ಲಿ ಹಾಗಾಗುವುದು ಮೂಡಣ ಗಾಳಿ ಬಲವಾಗಿ, ಕಡಲಗಾಳಿ ಒಳಗೆ ಬರಲು ತಡಮಾಡಿದಾಗ. ಅಂದರೆ ಘಟ್ಟ ಹತ್ತುವ ತೇವಕ್ಕೆ ತಡೆ. ಬದಲಿಗೆ 34 ಡಿಗ್ರಿ, ಶೇ 70 ತೇವಾಂಶ ಇದ್ದು, ಅಂಗಿ ಮೈಗೆ ಅಂಟಿಕೊಂಡು, ಮೈಗೆ 45ರಷ್ಟು ಸೆಕೆ ಅನ್ನಿಸಿದರೆ ಅಲ್ಲಿಯ ನೆಂಟರು ಬೈದುಕೊಳ್ಳಲಿ, ನಾವು ಆಕಾಶ ನೋಡಬಹುದು.

ತೇವ ಇದ್ದೂ ಕೈಕೊಡುವುದುಂಟು. ಮೇಲಿನ ಪದರದಲ್ಲಿ ಒಣಗಾಳಿ ಕೂತಿದ್ದರೆ ಗುಡುಗು, ಧೂಳು, ನಾಲ್ಕು ಹನಿ, ಅಲ್ಲಿಗೆ ಮುಗಿಯಿತು. ಕಾಫಿಗೆ ನಿಜವಾದ ಅಪಾಯ ಈ ಅರೆಬರೆ ಮಳೆಯೇ. ಹೂಮಳೆ ಅಂದರೆ ಕನಿಷ್ಠ ಒಂದು ಇಂಚು, ಅಂದರೆ ನೂರು ಸೆಂಟ್ಸ್ ಬೇಕು. 40 ಸೆಂಟ್ಸ್ ಬಿದ್ದು ನಿಂತರೆ ಮೊಗ್ಗು ಅರ್ಧ ಎಚ್ಚರಾಗಿ, ಪೂರ್ತಿ ಅರಳದೆ ನಕ್ಷತ್ರದ ಹೂವಾಗಿ ಕೆಡುತ್ತದೆ. ನೀರಿದ್ದವರು ತಡಮಾಡದೆ ಸ್ಪ್ರಿಂಕ್ಲರ್ ಹಾಕಿ ಉಳಿದದ್ದನ್ನು ತುಂಬಿಸಬೇಕು. ಎಕರೆಗೆ ಒಂದು ಇಂಚು ಅಂದರೆ 1,02,800 ಲೀಟರ್. ಸೆಕೆಂಡಿಗೆ 10 ಲೀಟರ್ ಎತ್ತುವ ಪಂಪಿಗೆ ಎಕರೆಗೆ ಹತ್ತಿರಹತ್ತಿರ ಮೂರು ಗಂಟೆ. ಮೂರು ತಿಂಗಳ ಮುನ್ನೋಟ ಉಪಯೋಗಕ್ಕೆ ಬರುವುದು ಇಲ್ಲಿ: ಕೆರೆಯಲ್ಲಿ ಎಷ್ಟು ಎಕರೆಯ ನೀರಿದೆ, ಹೂವಾದ ಮೇಲೆ ಕೊಡುವ ಎರಡನೆಯ ನೀರಿಗೆ, ಅಂದರೆ ಬ್ಯಾಕಿಂಗ್‌ಗೆ ಉಳಿಯುತ್ತದೆಯೇ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಲು. ನೀರು ರೊಬಸ್ಟಾ ಕಾಫಿಗೆ ಮೊದಲು, ಅದು ತಡೆಯುವುದಿಲ್ಲ. ಅರೇಬಿಕಾ ಏಪ್ರಿಲ್‌ವರೆಗೆ ತಡೆದೀತು.

ಸ್ಪ್ರಿಂಕ್ಲರ್ ಜೆಟ್ ಶುರುಮಾಡುವ ಮುಂಚೆ ಮುಂದಿನ ವಾರವನ್ನೂ ನೋಡಿ. ನೀರು ಬಿದ್ದ ಮೇಲೆ ರೊಬಸ್ಟಾ ಏಳೆಂಟು ದಿನಕ್ಕೆ, ಅರೇಬಿಕಾ ಒಂಬತ್ತು ಹತ್ತು ದಿನಕ್ಕೆ ಅರಳುತ್ತದೆ. ಅರಳಿದ ದಿನವೇ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತದೆ. ಇಲಾಖೆ ಗುರುವಾರ ಗುರುವಾರ ಕೊಡುವ ವಿಸ್ತೃತ ಮುನ್ಸೂಚನೆ ಇದಕ್ಕೆ ಸಾಕಷ್ಟು ನೆರವಾಗುತ್ತದೆ. ಇಂಥ ಊರಿಗೆ ಇಂಥ ದಿನ ಗುಡುಗು ಅಂತ ವಾರದ ಮುಂಚೆ ಹೇಳುವ ಆ್ಯಪ್‌ಗಳನ್ನು ಮಾತ್ರ ನಂಬಬೇಡಿ.

"ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅನ್ನುವ ಏಪ್ರಿಲ್ ಕೊನೆಯಿಂದ ಲೆಕ್ಕವೇ ಬೇರೆ. ಅರಬ್ಬಿ ಸಮುದ್ರ 30 ಡಿಗ್ರಿ ದಾಟಿ ಕಾದಿರುತ್ತದೆ. ಅಲ್ಲಿ ಚಂಡಮಾರುತ ಎದ್ದರೆ ಎರಡು ಥರ ಆಗಬಹುದು: 2021ರ ಮೇನಲ್ಲಿ ತೌಕ್ತೆ ಕರಾವಳಿಯ ಪಕ್ಕದಲ್ಲೇ ಹಾದು ಮಳೆ ಸುರಿಸಿತು. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಎದ್ದ ವರ್ಷ ಮುಂಗಾರು ಕೇರಳ ಮುಟ್ಟಿದ್ದು ತಡವಾಗಿ, ಜೂನ್ 8ಕ್ಕೆ. 2025ರಲ್ಲಿ ಅದೇ ಮುಂಗಾರು ಮೇ 24ಕ್ಕೇ ಬಂತು. ಶಿಲೀಂಧ್ರ ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ ಮೇ ಮಧ್ಯದೊಳಗೆ ಮನೆಯಲ್ಲಿರಲಿ. ಶೇ 1ರ ದ್ರಾವಣಕ್ಕೆ 100 ಲೀಟರ್‌ಗೆ ಒಂದೊಂದು ಕೆಜಿ. ಸಿಂಪಡಿಸಿದ್ದು ಎಲೆ ಮೇಲೆ ಒಣಗಲು ಸಮಯ ಸಿಗದಿದ್ದರೆ ದುಡ್ಡು ಹಳ್ಳಕ್ಕೆ.

ಕೊನೆಗೆ, ಮಳೆಮಾಪಕ ಇಲ್ಲದವರು ಒಂದು ತಗೊಳ್ಳಿ. ಬೇಸಿಗೆ ಮಳೆ ರಸ್ತೆಯ ಒಂದು ಬದಿ ಸುರಿದು ಇನ್ನೊಂದು ಬದಿ ಒಣಗಿಸುತ್ತದೆ; ಪಕ್ಕದ ಎಸ್ಟೇಟಿನ ಅಂಕಿ ನಿಮ್ಮದಲ್ಲ. ಸಿಲ್ವರ್ ಓಕ್ ಕೆಳಗೆ, ಮನೆ ಸೂರಿನ ಪಕ್ಕ ಇಡಬೇಡಿ. ಬೆಳಿಗ್ಗೆ 8.30ಕ್ಕೆ ಅಳೆದು ಬರೆದಿಡಿ, ಇಲಾಖೆಯ ದಿನದ ಲೆಕ್ಕವೂ ಅದೇ ಹೊತ್ತಿಗೆ.