ಗುರುವಿನ ಚಂದ್ರರು ತೂಗಾಡುತ್ತಿಲ್ಲ

‘ಮತ್ತೆ ಮತ್ತೆ ನಡೆಯುವ ಚಲನೆಯೆಲ್ಲ ಆಂದೋಲನವೇ, ಭೂಮಿಯ ಪರಿಭ್ರಮಣೆ ಕೂಡ’ ಎಂದು ಆಂದೋಲನದ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಹೇಳಿದ್ದಾರೆ. ಆ ಮಾತನ್ನು ಒಪ್ಪಲಾರೆ. ಸಮಾನ ಕಾಲಾವಧಿಯಲ್ಲಿ ಮರುಕಳಿಸಿದರೆ ಅದು ಆವರ್ತ ಚಲನೆ, ಅಷ್ಟೇ. ಆಂದೋಲನಕ್ಕೆ ನಡುವೆ ಒಂದು ಸಮತೋಲನ ಸ್ಥಾನ ಬೇಕು. ವಸ್ತು ಅದರ ಆಚೀಚೆ ಹೋಗಿಬರಬೇಕು. ಭೂಮಿ ಸೂರ್ಯನ ಆಚೀಚೆ ತೂಗಾಡುತ್ತಿದೆಯೇ?

ಗೊಂದಲ ಹುಟ್ಟುವ ಜಾಗ ಬೇರೆ. 1610ರಲ್ಲಿ ಗೆಲಿಲಿಯೋ ದೂರದರ್ಶಕದಲ್ಲಿ ಕಂಡ ಗುರುವಿನ ನಾಲ್ಕು ಚಂದ್ರರು ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ, ಗ್ರಹದ ಎಡಬಲಕ್ಕೆ ಓಡಾಡುವ ಚುಕ್ಕೆಗಳಂತಿದ್ದವು. ಅವುಗಳಲ್ಲೊಂದಾದ ಅಯೋ ಸುಮಾರು 42 ಗಂಟೆ 30 ನಿಮಿಷಕ್ಕೊಮ್ಮೆ ಗುರುವನ್ನು ಸುತ್ತುತ್ತದೆ. ಆ ಕಕ್ಷೆ ನಮಗೆ ಅಂಚಿನಿಂದ ಕಾಣುವುದರಿಂದ ವೃತ್ತದ ನೆರಳಷ್ಟೇ, ಅಂದರೆ ಎಡಬಲದ ಓಡಾಟವಷ್ಟೇ, ಕಣ್ಣಿಗೆ ಬೀಳುತ್ತದೆ. ಆಂದೋಲಿಸುವುದು ಆ ನೆರಳು, ಚಂದ್ರನಲ್ಲ.

ಇನ್ನು ‘ಆಂದೋಲನವೆಲ್ಲ ಆವರ್ತ’ ಎಂಬ ಪಠ್ಯಪುಸ್ತಕದ ಸಾಲನ್ನೂ ಲೇಖಕರು ಉರು ಹೊಡೆದಂತೆ ಒಪ್ಪಿಸಿದ್ದಾರೆ. ಗಾಳಿಯ ತಡೆಯಿಂದ ಲೋಲಕದ ತೂಗಾಟದ ಹರವು ಪ್ರತಿ ಸಲ ಕುಗ್ಗುತ್ತದೆ, ಮೊದಲು ಮುಟ್ಟಿದ ತುದಿಯನ್ನು ಅದು ಮತ್ತೆ ಮುಟ್ಟುವುದೇ ಇಲ್ಲ. ಕಟ್ಟುನಿಟ್ಟಾಗಿ ನೋಡಿದರೆ ಅದು ಆಂದೋಲನ ಹೌದು, ಆವರ್ತ ಅಲ್ಲ. ಒಂದರ ತುದಿಗೆ ಇನ್ನೊಂದನ್ನು ತಗುಲಿಸಿದ ಜೋಡಿ ಲೋಲಕವನ್ನು ದೊಡ್ಡ ಕೋನದಿಂದ ಬಿಟ್ಟರಂತೂ ಚಲನೆ ಮರುಕಳಿಸುವ ಅವಧಿಯನ್ನು, ಅಂದರೆ ಆವರ್ತಕಾಲವನ್ನು, ಹುಡುಕುವುದೇ ವ್ಯರ್ಥ.