ಮಗು ನಮಸ್ಕಾರ ಮಾಡುತ್ತಿದೆ ಅಂದುಕೊಂಡಿದ್ದೆವು

ನನ್ನ ತಂಗಿಯ ಮಗನಿಗೆ ಆಗ ಐದು ತಿಂಗಳು. ಬಾಣಂತನಕ್ಕೆ ಬಂದವಳು ಇನ್ನೂ ಅಮ್ಮನ ಮನೆಯಲ್ಲೇ ಇದ್ದಳು. ಬೆಳಗ್ಗೆ ನಿದ್ದೆಯಿಂದ ಎದ್ದ ಕೂಡಲೇ ಮಗು ತಲೆ ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ, ಕಾಲು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಒಂದು ಕ್ಷಣ ಅಷ್ಟೇ. ಆಮೇಲೆ ಮೈ ಸಡಿಲ. ಏಳೆಂಟು ಸೆಕೆಂಡ್ ಬಿಟ್ಟು ಮತ್ತೆ ಹಾಗೇ. "ನೋಡ್ರೇ, ಈಗ್ಲೇ ನಮಸ್ಕಾರ ಮಾಡ್ತಾನೆ ನಮ್ಮ ಪುಟ್ಟ" ಅಂತ ಅಮ್ಮ ಖುಷಿಪಟ್ಟರು. ನಾವೂ ನಕ್ಕೆವು.

ನಾಲ್ಕನೇ ದಿನ ಅದು ದಿನಕ್ಕೆ ಮೂರು ಸಲ ಆಯಿತು. ಒಂದೊಂದು ಸಲಕ್ಕೂ ಇಪ್ಪತ್ತು ಮೂವತ್ತು ಬಾರಿ ಬಗ್ಗುತ್ತಿತ್ತು. ಕೊನೆಗೆ ಸುಸ್ತಾಗಿ ಅಳುತ್ತಿತ್ತು. ಬೆಚ್ಚಿ ಬಿದ್ದಿದೆ ಅಂತ ದೃಷ್ಟಿ ತೆಗೆದೆವು, ತಾಯತ ಕಟ್ಟಿಸಿದೆವು. ಹೊಟ್ಟೆಗೆ ಇಂಗು ಹಚ್ಚಿದೆವು. ಮೊದಲು ತೋರಿಸಿದ ಡಾಕ್ಟರು ಗ್ಯಾಸ್ ಅಂದರು, ಎರಡನೆಯವರು ಹಾಲು ಗಂಟಲಿಗೆ ಬರುತ್ತಿದೆ ಅಂದರು. ಅವರ ಎದುರು ಮಗು ಒಂದು ಸಲವೂ ಹಾಗೆ ಮಾಡಲಿಲ್ಲ, ಅವರಿಗಾದರೂ ಹೇಗೆ ಗೊತ್ತಾಗಬೇಕು? ಅಷ್ಟರಲ್ಲಿ ಮಗು ನಗುವುದನ್ನು ನಿಲ್ಲಿಸಿತ್ತು. ತಂಗಿ ಮುಖದ ಹತ್ತಿರ ಗಿಲಕಿ ಆಡಿಸಿದರೂ ಕಣ್ಣು ಅತ್ತ ಹೋಗುತ್ತಿರಲಿಲ್ಲ. ನನಗೆ ಭಯವಾಗಿದ್ದು ಅವತ್ತು. ಫೋನಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿಕೊಂಡು ಬೆಂಗಳೂರಿಗೆ ಹೊರಟೆವು.

ಮಕ್ಕಳ ನರರೋಗ ತಜ್ಞರು ವಿಡಿಯೋ ಪೂರ್ತಿ ನೋಡಲೂ ಇಲ್ಲ. "ಎಷ್ಟು ದಿನ ಆಯ್ತಮ್ಮ?" ಅಂದರು. ಇಪ್ಪತ್ತನಾಲ್ಕು ದಿನ.

ಇದರ ಹೆಸರು ಇನ್‌ಫೆಂಟೈಲ್ ಸ್ಪಾಸಮ್ಸ್. ಇದೂ ಫಿಟ್ಸೇ. ಆದರೆ ನಾವು ಅಂದುಕೊಂಡ ಫಿಟ್ಸಿನ ಹಾಗೆ ಕಾಣುವುದಿಲ್ಲ. ಬಾಯಲ್ಲಿ ನೊರೆ ಇಲ್ಲ, ಮೈ ಜೋರಾಗಿ ನಡುಗುವುದಿಲ್ಲ. ಹೆಚ್ಚಾಗಿ ಮೂರರಿಂದ ಹನ್ನೆರಡು ತಿಂಗಳ ಒಳಗೆ ಶುರುವಾಗುತ್ತದೆ. 1841ರಲ್ಲಿ ಇಂಗ್ಲೆಂಡಿನ ವೆಸ್ಟ್ ಅನ್ನುವ ಡಾಕ್ಟರು ತಮ್ಮ ಸ್ವಂತ ಮಗನಿಗೆ ಹೀಗಾಗುತ್ತಿದೆ ಅಂತ 'ಲ್ಯಾನ್ಸೆಟ್' ಪತ್ರಿಕೆಗೆ ಕಾಗದ ಬರೆದಿದ್ದರು. ತಲೆ ಮೊಣಕಾಲಿನ ಕಡೆಗೆ ಬಗ್ಗುತ್ತದೆ, ಯಾರಿಗಾದರೂ ಗೊತ್ತಿದ್ದರೆ ಹೇಳಿ ಅಂತ. ಆಗಿನವರು ಇದಕ್ಕೆ ಸಲಾಂ ಮಾಡುವ ಫಿಟ್ಸ್ ಅಂದಿದ್ದರಂತೆ. ಅದನ್ನು ಓದಿದಾಗ ಅಮ್ಮನ 'ನಮಸ್ಕಾರ' ನೆನಪಾಗಿ ನನಗೆ ಅಳು ಬಂತು.

ಇಇಜಿ ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು ಗೆರೆಗಳಾಗಿ ತೋರಿಸುವ ಪರೀಕ್ಷೆ. ಅದನ್ನು ಮಾಡುವಾಗ ಮಗು ನಿದ್ದೆ ಮಾಡಬೇಕು. ಅದಕ್ಕೇ ಬೆಳಗಿನ ಜಾವದಿಂದ ಮಲಗಿಸದೆ ಎತ್ತಿಕೊಂಡು ಓಡಾಡಿದೆವು. ತಲೆಗೆ ಅಂಟು ಹಚ್ಚಿ ಒಂದೊಂದೇ ವೈರ್ ಕೂರಿಸಿದರು. ತಂಗಿ ತೊಡೆ ಮೇಲೆ ಹಾಕಿಕೊಂಡು ಹಾಲು ಕುಡಿಸುತ್ತಾ ಮಲಗಿಸಿದಳು. ಪರದೆ ಮೇಲೆ ಗೆರೆಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಎತ್ತರೆತ್ತರಕ್ಕೆ ಹಾರುತ್ತಿದ್ದವು. ಮಗು ಮಾತ್ರ ಶಾಂತವಾಗಿ ಮಲಗಿತ್ತು. ಹೊರಗೆ ಕಾಣುವ ಆ ಒಂದು ಕ್ಷಣದ ಬಗ್ಗುವಿಕೆಯಷ್ಟೇ ಕಾಯಿಲೆ ಅಲ್ಲ. ಒಳಗೆ ಇಡೀ ದಿನ ಮೆದುಳಿನಲ್ಲಿ ಗದ್ದಲ ನಡೆಯುತ್ತಿರುತ್ತದೆ. ಆ ಗದ್ದಲದಲ್ಲಿ ಮಗು ಏನನ್ನೂ ಕಲಿಯಲಾರದು, ಕಲಿತಿದ್ದನ್ನೂ ಮರೆಯುತ್ತದೆ. ಬೇಗ ಔಷಧಿ ಶುರು ಮಾಡಿ ಅಂತ ಡಾಕ್ಟರುಗಳು ಒತ್ತಾಯ ಮಾಡುವುದು ಅದಕ್ಕೇ.

ಕಾರಣ ಹಲವು. ಹುಟ್ಟುವಾಗ ಮೆದುಳಿಗೆ ಆಮ್ಲಜನಕ ಸಾಲದೆ ಹೋಗಿರಬಹುದು. ಮೆದುಳಿನ ರಚನೆಯಲ್ಲೇ ದೋಷ ಇರಬಹುದು. ಸೋಂಕು, ಜೀನ್‌ಗಳ ತೊಂದರೆ, ಡೌನ್ ಸಿಂಡ್ರೋಮ್ ಕೂಡ ಕಾರಣ ಆಗುತ್ತವೆ. ಮೆದುಳು, ಚರ್ಮ ಮುಂತಾದ ಕಡೆ ಗಂಟುಗಳು ಬೆಳೆಯುವ ಟ್ಯೂಬರಸ್ ಸ್ಕ್ಲೀರೋಸಿಸ್ ಅನ್ನುವ ಜೀನ್ ಕಾಯಿಲೆಯೂ ಒಂದು ಕಾರಣ. ಅದಿರುವ ಮಕ್ಕಳ ಮೈಮೇಲೆ ಹೆಚ್ಚಾಗಿ ಎಲೆ ಆಕಾರದ ಬಿಳಿ ಮಚ್ಚೆಗಳಿರುತ್ತವೆ. ಎಷ್ಟೋ ಮಕ್ಕಳಲ್ಲಿ ಹುಡುಕಿದರೂ ಕಾರಣ ಸಿಗುವುದಿಲ್ಲ.

ನಮ್ಮ ಮಗುವಿನ ಎಂಆರ್‌ಐನಲ್ಲಿ ಮೆದುಳಿನ ಹಿಂಭಾಗಕ್ಕೆ ಪೆಟ್ಟಾಗಿದ್ದು ಕಂಡಿತು. ಹುಟ್ಟಿದ ಎರಡನೇ ದಿನ ಮಗು ಹಾಲು ಚೀಪದೆ ಬರೀ ಮಲಗಿರುತ್ತಿತ್ತು. ರಕ್ತದಲ್ಲಿ ಸಕ್ಕರೆ ತುಂಬಾ ಇಳಿದುಹೋಗಿ ಗ್ಲೂಕೋಸ್ ಹಾಕಿದ್ದರು. ಡಿಸ್ಚಾರ್ಜ್ ಚೀಟಿಯಲ್ಲಿ ಅದರ ಬಗ್ಗೆ ಒಂದೇ ಸಾಲು. ಮುಂದೆ ಈ ಮಗುವಿನ ಮೇಲೆ ಕಣ್ಣಿಟ್ಟಿರಿ ಅಂತ ಯಾರೂ ಹೇಳಲಿಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆಗೆ ಹಸುಗೂಸಿನ ರಕ್ತದಲ್ಲಿ ಸಕ್ಕರೆ ಇಳಿದು ಮೆದುಳಿಗೆ ಹೀಗೆ ಪೆಟ್ಟಾಗುವುದೂ ಒಂದು ದೊಡ್ಡ ಕಾರಣ. ಅದಕ್ಕೇ ಹೇಳುತ್ತೇನೆ, ಹಸುಗೂಸು ಹಾಲು ಕುಡಿಯದೆ ಮಂಕಾಗಿದ್ದರೆ "ಪಾಪ, ಒಳ್ಳೆ ನಿದ್ದೆ" ಅಂತ ಸುಮ್ನೆ ಇರಬೇಡಿ. ಕೂಡಲೇ ಡಾಕ್ಟರನ್ನೋ ನರ್ಸನ್ನೋ ಕರೆಯಿರಿ.

ಇನ್ನೊಂದು ಮಾತು. ಮೂರೂವರೆ ತಿಂಗಳ ಚುಚ್ಚುಮದ್ದಿನಿಂದಲೇ ಹೀಗಾಯಿತು ಅಂತ ನಮ್ಮ ಮನೆಯಲ್ಲೂ ಜಗಳ ಆಯಿತು. ಕಾಯಿಲೆ ಶುರುವಾಗುವ ವಯಸ್ಸೂ ಚುಚ್ಚುಮದ್ದಿನ ವಯಸ್ಸೂ ಒಂದೇ, ಅಷ್ಟೇ. ಚುಚ್ಚುಮದ್ದು ಇದನ್ನು ತರುವುದಿಲ್ಲ.

ಸಾಮಾನ್ಯ ಫಿಟ್ಸಿಗೆ ಕೊಡುವ ಎಷ್ಟೋ ಔಷಧಿಗಳಿಗೆ ಇದು ಬಗ್ಗುವುದಿಲ್ಲ. ಇದಕ್ಕೆ ಕೊಡುವುದು ಎಸಿಟಿಎಚ್ ಅನ್ನುವ ಹಾರ್ಮೋನ್ ಇಂಜೆಕ್ಷನ್, ಜಾಸ್ತಿ ಪ್ರಮಾಣದ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್, ವಿಗಾಬಟ್ರಿನ್ ಅನ್ನುವ ಫಿಟ್ಸ್ ಔಷಧಿ, ಮುಖ್ಯವಾಗಿ ಈ ಮೂರು. ಟ್ಯೂಬರಸ್ ಸ್ಕ್ಲೀರೋಸಿಸ್ ಇದ್ದರೆ ಮೊದಲು ಕೊಡುವುದು ವಿಗಾಬಟ್ರಿನ್. ಅದನ್ನು ಕೊಡುವಾಗ ಕಣ್ಣಿನ ಮೇಲೆ ನಿಗಾ ಬೇಕು. ನಮಗೆ ಕೊಟ್ಟಿದ್ದು ಪ್ರೆಡ್ನಿಸೊಲೋನ್. ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವ, ಕಡಿಮೆ ದುಡ್ಡಿನ ಮಾತ್ರೆ. ಹಾಗಂತ ಹಗುರವಾಗಿ ನೋಡುವ ಔಷಧಿ ಅಲ್ಲ. ಮಗುವಿನ ಕೆನ್ನೆ ಊದಿಕೊಂಡಿತು, ರಾತ್ರಿಯೆಲ್ಲ ಹಸಿವು, ಅಳು. ಬಿಪಿ ನೋಡಿಸುತ್ತಿರಬೇಕು, ಸೋಂಕು ತಗುಲದ ಹಾಗೆ ಕಾಯಬೇಕು. ನಮ್ಮ ಪಾಡಿಗೆ ನಾವು ಥಟ್ಟನೆ ನಿಲ್ಲಿಸಲೇಬಾರದು. ಮಗು ದಿನಕ್ಕೆ ಎಷ್ಟು ಸಲ ಬಗ್ಗಿತು ಅಂತ ತಂಗಿ ಗೋಡೆ ಕ್ಯಾಲೆಂಡರಿನಲ್ಲಿ ದಿನಾ ಎಣಿಸಿ ಬರೆಯುತ್ತಿದ್ದಳು. 86, 70, 41. ಒಂಬತ್ತನೇ ದಿನದ ಚೌಕದಲ್ಲಿ ಸೊನ್ನೆ. ಎರಡು ವಾರ ಆದಮೇಲೆ ಮತ್ತೆ ಇಇಜಿ ಮಾಡಿಸಿದೆವು. ಹೊರಗೆ ನಿಂತಿದ್ದು ಒಳಗೂ ನಿಂತಿದೆಯಾ ಅಂತ ನೋಡಲೇಬೇಕು.

ಈಗ ಅವನಿಗೆ ಮೂರು ವರ್ಷ. ನಡೆದಿದ್ದು ತಡವಾಗಿ, ಮಾತು ಇನ್ನೂ ಕಡಿಮೆ. ಬೆಳವಣಿಗೆ ಹಿಂದುಳಿದ ಮಕ್ಕಳನ್ನು ನೋಡಿಕೊಳ್ಳುವ ಜಿಲ್ಲಾ ಆಸ್ಪತ್ರೆಯ ಡಿಇಐಸಿ ಕೇಂದ್ರಕ್ಕೆ ತಂಗಿ ವಾರಕ್ಕೆರಡು ಸಲ ಕರೆದುಕೊಂಡು ಹೋಗುತ್ತಾಳೆ. ಫಿಸಿಯೋಥೆರಪಿ, ಮಾತಿನ ತರಬೇತಿ ಅಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಆ 24 ದಿನ ಉಳಿದಿದ್ದರೆ ಅನ್ನುವ ಲೆಕ್ಕ ನನ್ನ ತಲೆಯಿಂದ ಹೋಗುವುದೇ ಇಲ್ಲ.

ತಾಯಿ ಕಾರ್ಡಿನಲ್ಲಿ ಇದರ ಬಗ್ಗೆ ಎರಡು ಸಾಲು ಬರಬೇಕು. ಚುಚ್ಚುಮದ್ದಿನ ದಿನ ಆಶಾ ಅಕ್ಕಂದಿರು ತಾಯಂದಿರಿಗೆ ಒಂದು ವಿಡಿಯೋ ತೋರಿಸಿದರೂ ಸಾಕು. ಇದನ್ನು ಬರೆದು ಹೇಳುವುದು ಕಷ್ಟ, ಒಂದು ಸಲ ನೋಡಿದವರು ಮರೆಯುವುದಿಲ್ಲ. ನಿಮ್ಮ ಮಗು ಎದ್ದ ಹೊತ್ತಿಗೆ ಹೀಗೆ ಸಾಲುಸಾಲಾಗಿ ಬಗ್ಗುತ್ತಿದ್ದರೆ ವಿಡಿಯೋ ಮಾಡಿ, ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ, ಇಇಜಿ ಬೇಕಾ ಅಂತ ಬಾಯಿಬಿಟ್ಟು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲಿ ಇದನ್ನು ನೋಡುವವರಿದ್ದಾರೆ.

ಅವತ್ತಿನ ಆ ಎರಡು ನಿಮಿಷದ ವಿಡಿಯೋ ಇನ್ನೂ ನನ್ನ ಫೋನಿನಲ್ಲಿದೆ. ಅನುಮಾನ ಇರುವವರು ಇನ್‌ಬಾಕ್ಸಿಗೆ ಬನ್ನಿ, ಕಳಿಸುತ್ತೇನೆ. "ಕೇಳಿದವರಿಗೆಲ್ಲ ತೋರ್ಸಕ್ಕಾ" ಅಂತ ತಂಗಿಯೇ ಹೇಳಿದ್ದಾಳೆ.